ಹತ್ತಿ ಇಳಿದ ದಾರಿಯಲ್ಲಿ ಮೀನು ಏರುತ್ತದೆ

ಹುಬ್ಬಳ್ಳಿಯಿಂದ ಕಾರವಾರಕ್ಕೆ ನಸುಕಿನ ಬಸ್ಸು ಹಿಡಿದರೆ ಕಲಘಟಗಿ ದಾಟುವತನಕ ಬಸ್ಸಿಗೆ ಬಸ್ಸೇ ನಿದ್ದೆ. ಯಲ್ಲಾಪುರದಲ್ಲಿ ಚಹಾ, ಆಮೇಲೆ ಅರಬೈಲ್ ಘಾಟು. ಮೊನ್ನೆ ಆ ತಿರುವುಗಳಲ್ಲಿ ಎದುರಾದದ್ದು ಮೀನಿನ ಗಾಡಿ. ತಳದಿಂದ ಐಸ್ ನೀರು ಸೋರಿಸುತ್ತ ಹುಬ್ಬಳ್ಳಿ ಕಡೆ ಏದುಸಿರು ಬಿಡುತ್ತ ಏರುತ್ತಿತ್ತು. ನೂರೈವತ್ತು ವರ್ಷದ ಹಿಂದೆ ಘಾಟಿನ ದೊಡ್ಡ ಸರಕು ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಅದು ನಮ್ಮ ಹತ್ತಿ.

ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಎರೆಹೊಲದ ಹತ್ತಿಗೆ ಮುಂಬೈ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂದೇ ಹೆಸರು. ಬೆಳೆದ ಊರಿನದಲ್ಲ, ಹಡಗು ಹತ್ತಿದ ಊರಿನ ಹೆಸರು ಅಂಟಿಕೊಂಡಿತು. ನಮ್ಮವರಿಗೆ ಇದು ಈಗಲೂ ಸ್ವಲ್ಪ ಚುಚ್ಚಬೇಕು!

ಈ ವ್ಯಾಪಾರದ ತೊಡಕೆಲ್ಲ ಲೆಕ್ಕದ ದಿನಗಳದ್ದು. ಕಾಯಿ ಒಡೆದು ಹತ್ತಿ ಬಿಡಿಸುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಜೂನ್‌ನಲ್ಲಿ ಮಳೆ ಹಿಡಿದರೆ ಪತ್ತೇಮಾರಿಗಳು, ಅಂದರೆ ಸರಕು ಸಾಗಿಸುವ ಹಾಯಿಹಡಗುಗಳು, ದಡ ಸೇರಿಬಿಡುತ್ತವೆ. ನಡುವಿನ ಅಷ್ಟೇ ಅವಧಿಯಲ್ಲಿ ಬೀಜ ತೆಗೆದು, ಅಂಡಿಗೆ (ಹತ್ತಿಯ ದೊಡ್ಡ ಮೂಟೆ) ಕಟ್ಟಿ, ಚಕ್ಕಡಿಯಲ್ಲಿ ಘಾಟು ಇಳಿಸಬೇಕು. ಸರಿಯಾಗಿ ಒತ್ತದ ಅರಳೆ ತೂಕ ಕಡಿಮೆ, ಜಾಗ ಹೆಚ್ಚು. ಎತ್ತಿಗೆ ಭಾರವಾಗುವ ಮೊದಲೇ ಚಕ್ಕಡಿ ತುಂಬಿ ಹೋಗುತ್ತದೆ. ತಡವಾದ ಅಂಡಿಗೆಗೆ ತೇವ ಹಿಡಿದರೆ ಬಣ್ಣ ಕೆಟ್ಟು ದರ ಬೀಳುತ್ತದೆ. ಕಲ್ಲು, ನೀರು, ಬೀಜ ಬೆರೆಸಿ ತೂಕ ಹೆಚ್ಚಿಸುವವರೂ ಇದ್ದರೆನ್ನಿ. ಮುಂಬೈ ಸರ್ಕಾರ 1863ರಲ್ಲಿ ಹತ್ತಿ ಮೋಸಕ್ಕೆಂದೇ ಕಾಯ್ದೆ ತಂದಿತು.

ಕುಮಟಾ ಬಂದರು ತೆರೆದ ಕಡಲಿನದು. ಕಾರವಾರದ ಬೈತಖೋಲ ಹಾಗಲ್ಲ. ಬಿಣಗಾ ಕಡೆಯಿಂದ ಸುರಂಗ ದಾಟಿ ಬರುತ್ತಲೇ ಗೊತ್ತಾಗುತ್ತದೆ: ಬೆನ್ನಿಗೆ ಗುಡ್ಡ, ಎದುರಿಗೆ ದ್ವೀಪಗಳು, ನೈರುತ್ಯದ ಗಾಳಿಗೆ ಅಡ್ಡ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಸಿಗದಾದಾಗ ಇಂಗ್ಲೆಂಡಿನವರ ಕಣ್ಣು ಇಲ್ಲಿ ಬಿತ್ತು. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ದೇವಗಡ ದ್ವೀಪದ ದೀಪಸ್ತಂಭ 1864ರದ್ದು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹತ್ತಿ ಒತ್ತುವ ಯಂತ್ರಗಳನ್ನೂ ಕಾರವಾರದ ಪಕ್ಕದ ಸದಾಶಿವಗಡದ ಕಡೆಗೆ ಸಾಗಿಸಿತು. ಯಂತ್ರ ಬಂತು, ಹತ್ತಿ ತರುವ ರಸ್ತೆ ಇನ್ನೂ ಆಗಿರಲಿಲ್ಲ. 1880ರ ದಶಕದ ಕೊನೆಗೆ ರೈಲು ಕ್ಯಾಸಲ್ ರಾಕ್ ಮೇಲೆ ಗೋವಾದ ಮುರಗಾಂವ ಬಂದರಿಗೆ ಹೋಯಿತು, ಹುಬ್ಬಳ್ಳಿ ಸರಕೂ ಆ ಕಡೆ ಹೊರಳಿತು. ಹುಬ್ಬಳ್ಳಿ–ಅಂಕೋಲಾ ರೈಲಿನ ಸುದ್ದಿ ಕೇಳಿ ಕೇಳಿ ಕಿವಿ ದಣಿದಿವೆ.

ಈಗ ಬೈತಖೋಲದಲ್ಲಿ ಬೋಟು ನಿಲ್ಲುವ ಧಕ್ಕೆಯ ಸರಕು ಬಂಗಡೆ, ತಾರಲೆ ಮೀನು. ಹಿಂದೆ ಮರಳಿನ ಮೇಲೆ ನಿಂತು ಹತ್ತಾರು ಜನ ರಂಪಣಿ ಬಲೆ ಎಳೆಯುತ್ತಿದ್ದರು: ದೋಣಿ ಅರ್ಧಚಂದ್ರಾಕಾರದಲ್ಲಿ ಬಲೆ ಬಿಟ್ಟು ಬರುತ್ತಿತ್ತು, ಎರಡೂ ತುದಿ ದಡದಿಂದ ಎಳೆಯುವುದು. ಮೀನಿನ ಹಿಂಡನ್ನು ಕಡಲಲ್ಲೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ಅದು ಅಪರೂಪ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳಿಗೆ ನಿಷೇಧ. ಆಗ ಇಲ್ಲಿಗೆ ಮೀನಿಗೆಂದೇ ಬರುವುದು ವ್ಯರ್ಥ.

ಹುಬ್ಬಳ್ಳಿಗೆ ಒಯ್ಯುವುದಾದರೆ ಥರ್ಮೋಕೋಲ್ ಡಬ್ಬಿ ತನ್ನಿ. ಕಿಲೋ ಮೀನಿಗೆ ಕಿಲೋ ಪುಡಿ ಐಸು: ತಳಕ್ಕೊಂದು ಪದರು, ಮೀನು, ಮತ್ತೆ ಐಸು. ಕೆಂಪು ಕಿವಿರು, ಉಬ್ಬಿದ ಕಣ್ಣು ನೋಡಿ ಕೊಳ್ಳಿ. ಬಂಗಡೆ ಬಿಸಿಲಿಗೆ ಬಿಟ್ಟರೆ ಅದರಲ್ಲಿ ಹಿಸ್ಟಮಿನ್ ಎಂಬ ಮೈಗಾಗದ ವಸ್ತು ಕೂಡುತ್ತದೆ, ಹುರಿದರೂ ಹೋಗುವುದಿಲ್ಲ. ಕರಗಿದ ನೀರಲ್ಲಿ ಮೀನು ಕೂತರೆ ತಳದ ಪದರು ಮೊದಲು ಕೆಡುತ್ತದೆ, ಅದಕ್ಕೆ ಡಬ್ಬಿಗೆ ಕೆಳಗೊಂದು ತೂತು. ಬಸ್ಸಿನಲ್ಲಿ ಆ ತೂತಿಗೆ ಬಿರಡೆ ಬೇಕೇ ಬೇಕು. ಕಂಡಕ್ಟರ್ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ: "ಇದು ಸೋರತೇನ್ರೀ? ಸೋರಿದ್ರ ಯಲ್ಲಾಪುರದಾಗ ಇಳಸ್ತೀನಿ ನೋಡ್ರಿ."

ಯಲ್ಲಾಪುರದಲ್ಲಿ ಬಸ್ಸು ನಿಂತಾಗ ಡಬ್ಬಿಯನ್ನು ಗಟಾರದ ಬದಿಗೆ ಒಯ್ದು, ಬಿರಡೆ ತೆಗೆದು ನೀರು ಬಸಿಯಿರಿ. ಮತ್ತೆ ಬಿಗಿಮಾಡಿ.