ಲಕ್ಕಮ್ಮ ತಿರುಗಿ ಕಳಿಸಿದ ಅಕ್ಕಿ

ನಮ್ಮ ಕಚೇರಿಯಲ್ಲಿ ಜನರು ಅರ್ಜಿ ಕೊಡುವ ಕಿಟಕಿಯ ಎದುರಿನ ಗೋಡೆಯ ಮೇಲೆ ‘ಕಾಯಕವೇ ಕೈಲಾಸ’ ಎಂಬ ಫಲಕವಿದೆ. ಹದಿನಾಲ್ಕು ವರ್ಷಗಳಿಂದ ಅದನ್ನು ನೋಡುತ್ತಲೇ ಕೆಲಸ ಮಾಡುತ್ತಿರುವ ನನಗೆ ಕಾಯಕಕ್ಕೂ ಒಂದು ಅಳತೆ ಇರಬೇಕೆಂಬುದು ತಿಳಿದದ್ದು ಬಹಳ ತಡವಾಗಿ, ಅದೂ ನನ್ನ ಕೈಯಿಂದ ಒಬ್ಬ ರೈತರಿಗೆ ತೊಂದರೆಯಾದ ಮೇಲೆ.

2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿ ಉಕ್ಕಿ ಹರಿದಾಗ ನಮ್ಮ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ, ಅದರಾಚೆಯ ಊರುಗಳ ಸಂಪರ್ಕ ಕಡಿದುಹೋಗಿತ್ತು. ಆ ದಿನಗಳಲ್ಲಿ ನಾವೆಲ್ಲ ಹಗಲು ರಾತ್ರಿ ಎನ್ನದೆ ದುಡಿದೆವು, ಮತ್ತು ದುಡಿಯಲೇಬೇಕಿತ್ತು. ಅದರ ಬಗ್ಗೆ ನನಗೆ ಇಂದಿಗೂ ಬೇಸರವಿಲ್ಲ. ತಪ್ಪಾದದ್ದು ನೆರೆ ಇಳಿದ ಮೇಲೆ. ಹೊಳೆ ತನ್ನ ಪಾತ್ರಕ್ಕೆ ಮರಳಿತು, ನಾವು ಮಾತ್ರ ನೆರೆಯ ದಿನಗಳ ರೂಢಿಯಿಂದ ಮರಳಲಿಲ್ಲ. ಬೆಳೆಹಾನಿ ಪರಿಹಾರದ ವಿವರಗಳನ್ನು ಕಂಪ್ಯೂಟರಿಗೆ ಏರಿಸಲು ರಾತ್ರಿ ಹತ್ತರವರೆಗೆ ಕುಳಿತುಕೊಳ್ಳುವುದು, ಮನೆಗೆ ಬಂದು ಊಟ ಮಾಡುವಾಗಲೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಸಂದೇಶಕ್ಕೆ ಉತ್ತರಿಸುವುದು ದಿನಚರಿಯೇ ಆಗಿಹೋಯಿತು. ಹೆಚ್ಚು ಹೊತ್ತು ಕುಳಿತವರೇ ಹೆಚ್ಚು ಕೆಲಸ ಮಾಡುವವರೆಂದು ಮೇಲಿನವರೂ ತಿಳಿದರು, ನಾನೂ ಹಾಗೆಯೇ ನಂಬಿದೆ.

ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ ವಯಸ್ಸಾದ ರೈತರೊಬ್ಬರು ಕಿಟಕಿಯ ಹತ್ತಿರ ಬಂದರು. ಧೋತರದ ಗಂಟು ಬಿಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ ಪಹಣಿಯನ್ನು ತೆಗೆದು, ಕಟ್ಟೆಯ ಮೇಲೆ ಅಂಗೈಯಿಂದ ನೀವಿ ನೀವಿ ಹರಡಿ, ಸರ್ವೆ ನಂಬರಿನ ಮೇಲೆ ಹೆಬ್ಬೆರಳಿಟ್ಟರು. “ಯವ್ವಾ, ನೀವು ಬರದದ್ದು ನನ್ನ ಹೊಲ ಅಲ್ಲ, ನನ್ನ ತಮ್ಮಂದು. ರೊಕ್ಕ ಅವನ ಖಾತೆಗೆ ಹೋಗೇತಿ. ನಾವಿಬ್ರೂ ಮಾತಾಡಂಗಿಲ್ಲ,” ಎಂದರು. ನಾನು ಹಿಸ್ಸಾ, ಅಂದರೆ ಸರ್ವೆ ನಂಬರಿನೊಳಗಿನ ಪಾಲು, 2 ಎಂದು ಬರೆಯಬೇಕಾದಲ್ಲಿ 3 ಎಂದು ಒತ್ತಿದ್ದೆ. ಆ ನಮೂದು ಮಾಡಿದ ಸಮಯ ಕಂಪ್ಯೂಟರಿನಲ್ಲಿ ದಾಖಲಾಗಿತ್ತು: ರಾತ್ರಿ ಒಂಬತ್ತು ಐವತ್ತು. ಅದನ್ನು ಸರಿಪಡಿಸಲು ಒಂದೂವರೆ ತಿಂಗಳು ಹಿಡಿಯಿತು, ಅವರು ಬಸ್ಸಿನ ಖರ್ಚು ಮಾಡಿಕೊಂಡು ಐದು ಸಲ ಬಂದುಹೋದರು. ದಣಿದ ಕೈಯಿಂದ ಹೆಚ್ಚಿಗೆ ಮಾಡಿದ ಅರ್ಧ ಗಂಟೆಯ ಕೆಲಸದ ಬೆಲೆಯನ್ನು ತೆತ್ತವರು ಅವರು.

ಆ ವರ್ಷವೇ ನನ್ನ ರಕ್ತದೊತ್ತಡವೂ ಏರಿತು. ವಾರಕ್ಕೆ ಎಷ್ಟು ಗಂಟೆ ದುಡಿಯುತ್ತೀರಿ ಎಂದು ವೈದ್ಯರು ಕೇಳಿದಾಗ ಬೆರಳು ಮಡಚಿ ಎಣಿಸಿದೆ, ಅರವತ್ತು ದಾಟಿತು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಅಂದಾಜಿಸಿದ್ದನ್ನು ಮುಂದೆ ಓದಿದಾಗ, ನನ್ನ ಆ ಬೆರಳೆಣಿಕೆ ನೆನಪಾಗಿ ಎದೆ ಝಲ್ಲೆಂದಿತು.

ನನ್ನ ಅಣ್ಣ ಹಟ್ಟಿ ಚಿನ್ನದ ಗಣಿಯಲ್ಲಿ ಭೂಮಿಯ ಒಳಗೆ ಪಾಳಿಯ ಮೇಲೆ ಕೆಲಸ ಮಾಡುತ್ತಾನೆ. ಅವನ ಕೆಲಸ ನನ್ನದಕ್ಕಿಂತ ಎಷ್ಟೋ ಪಟ್ಟು ಕಠಿಣವಾದದ್ದು. ಆದರೂ ಪಾಳಿ ಮುಗಿದು ಮೇಲೆ ಬಂದ ಮೇಲೆ ಗಣಿ ಅವನ ಹಿಂದೆ ಮನೆಯವರೆಗೆ ಬರುವುದಿಲ್ಲ. ನೆಲದೊಳಗೆ ದುಡಿಯುವವರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು 1952ರ ಗಣಿ ಕಾಯ್ದೆಯೇ ಹಾಕಿತ್ತು. ದಣಿದವನ ಒಂದು ತಪ್ಪು ಹೆಜ್ಜೆಗೆ ಜೀವವೇ ಹೋಗಬಹುದಾದ ಜಾಗದಲ್ಲಿ ದಣಿವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಕಾಗದದ ಮೇಲಿನ ತಪ್ಪು ತಿಂಗಳುಗಳ ನಂತರ, ದೂರದ ಯಾವುದೋ ಹಳ್ಳಿಯ ಮನೆಯಲ್ಲಿ ಬಯಲಿಗೆ ಬರುವುದರಿಂದ ನಮ್ಮ ದಣಿವನ್ನು ಯಾರೂ ಎಣಿಸುವುದಿಲ್ಲ.

ದಾರಿ ಕಂಡದ್ದು ಒಂದು ಬೇಸಿಗೆಯಲ್ಲಿ. ಬಿಸಿಲಿನ ಝಳಕ್ಕಾಗಿ ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ಪದ್ಧತಿ ಇದೆ. ಕೆಲಸ ಬಾಕಿ ಉಳಿದೀತೆಂದು ಆ ಸಲ ನನಗೆ ಗಾಬರಿಯಿತ್ತು. ಮೇ ಕೊನೆಗೆ ಲೆಕ್ಕ ಹಾಕಿ ನೋಡಿದರೆ, ಐದೂವರೆ ಗಂಟೆಯ ದಿನಗಳಲ್ಲಿ ವಿಲೇವಾರಿಯಾದ ಕಡತಗಳು ಫೆಬ್ರುವರಿಗಿಂತ ಕಡಿಮೆ ಇರಲಿಲ್ಲ, ತಿದ್ದುಪಡಿಗೆ ಮರಳಿ ಬಂದವು ಮಾತ್ರ ಕಡಿಮೆಯಾಗಿದ್ದವು. ತಂಪು ಹೊತ್ತಿನಲ್ಲಿ ತಲೆ ತಿಳಿಯಾಗಿರುತ್ತಿತ್ತು, ಒಂದೂವರೆಗೆ ಏಳಲೇಬೇಕೆಂಬುದು ಮೊದಲೇ ಗೊತ್ತಿದ್ದರಿಂದ ಯಾವುದು ಮೊದಲು ಎಂಬುದು ತಾನಾಗಿ ತೀರ್ಮಾನವಾಗುತ್ತಿತ್ತು. ಸಂಜೆ ಮಗಳ ಜೊತೆ ಅಂಗಳದಲ್ಲಿ ಕೂರಲು ಹೊತ್ತು ಸಿಗುತ್ತಿತ್ತು.

ಜೂನ್‌ನಿಂದ ಅದನ್ನೇ ಮುಂದುವರಿಸಲು ಪ್ರಯತ್ನಿಸಿದೆ. ಹಳ್ಳಿಗಳ ಬಸ್ಸುಗಳು ಬಂದು ಜನ ಸೇರುವುದು ಹನ್ನೊಂದರ ಹೊತ್ತಿಗಾದ್ದರಿಂದ, ಅದಕ್ಕೆ ಮುಂಚಿನ ಒಂದು ಗಂಟೆಯನ್ನು ಸರ್ವೆ ನಂಬರು, ಹಿಸ್ಸಾ, ಖಾತೆ ತಾಳೆ ನೋಡುವ ಕೆಲಸಕ್ಕೇ ಮೀಸಲಿಟ್ಟೆ. ಆಗ ಫೋನು ಡ್ರಾಯರಿನಲ್ಲಿರುತ್ತದೆ. ಊರಿಂದ ಬಂದವರನ್ನು ಕಾಯಿಸುವುದು ನನಗೆ ಒಪ್ಪಿಗೆಯಿಲ್ಲ, ಆದ್ದರಿಂದ ಜನ ಬಂದ ಮೇಲೆ ಕಡತ ಮುಚ್ಚಿ ಕಿಟಕಿಗೇ ಬರುತ್ತೇನೆ. ಎಲ್ಲಕ್ಕಿಂತ ಕಷ್ಟವಾದದ್ದು ರಾತ್ರಿಯ ಸಂದೇಶಗಳ ಮಾತು. ಧೈರ್ಯ ಮಾಡಿ ಸಾಹೇಬರ ಮುಂದೆ ನಿಂತು, “ತುರ್ತು ಇದ್ರ ಫೋನ್ ಮಾಡ್ರಿ ಸರ್, ಎಷ್ಟೊತ್ತಿದ್ರೂ ಎತ್ತತೀನಿ. ಗ್ರೂಪಿನ್ಯಾಗ ಹಾಕಿದ್ದನ್ನ ಮುಂಜಾನೆ ನೋಡ್ತೀನ್ರಿ,” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯ್ತು ನೋಡ್ರಿ,” ಎಂದರು. ಆಮೇಲಿನ ಒಂದು ವರ್ಷದಲ್ಲಿ ರಾತ್ರಿ ಬಂದ ಕರೆಗಳು ನಾಲ್ಕು. ನಾಲ್ಕೂ ನಿಜವಾಗಿ ತುರ್ತಿನವೇ ಆಗಿದ್ದವು.

ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡಿದ್ದ ಹನ್ನೆರಡನೆಯ ಶತಮಾನದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ನಮ್ಮ ತಾಲ್ಲೂಕಿನ ಅಮರೇಶ್ವರದವರೆಂಬ ಪ್ರತೀತಿಯಿದೆ. ಕಾಯಕದಲ್ಲಿ ನಿರತನಾದಾಗ ಗುರುದರ್ಶನವನ್ನೂ ಮರೆಯಬೇಕೆಂಬ ಮಾರಯ್ಯನ ಮಾತನ್ನು ನಮ್ಮ ಸಭೆಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅವನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆಂದು ಕೇಳಿ, ತಂದಲ್ಲೇ ಸುರಿದು ಬರುವಂತೆ ತಿರುಗಿ ಕಳಿಸಿದ ಲಕ್ಕಮ್ಮನನ್ನು ಮಾತ್ರ ಅಲ್ಲಿ ಯಾರೂ ನೆನೆಯುವುದಿಲ್ಲ. ಆ ಮನೆಯಲ್ಲಿ ದುಡಿಮೆಯೂ ಇತ್ತು, ಸಾಕು ಎನ್ನುವವಳೂ ಇದ್ದಳು. ಒಬ್ಬನನ್ನು ಇಟ್ಟುಕೊಂಡು ಇನ್ನೊಬ್ಬಳನ್ನು ಬಿಟ್ಟರೆ ಕಾಯಕದ ಮಾತು ಅರ್ಧವೇ ಆಗುತ್ತದೆ ಎಂಬುದು ನನ್ನ ದೃಢವಾದ ಅನಿಸಿಕೆ.

ಖಾಲಿ ಹುದ್ದೆಗಳು ನಮ್ಮಲ್ಲಿ ಇನ್ನೂ ಖಾಲಿಯೇ ಇವೆ, ಮೂವರ ಕೆಲಸ ಇಬ್ಬರ ಮೇಜಿನ ಮೇಲಿದೆ. ನಾನು ಹಾಕಿಕೊಂಡ ಅಳತೆಯಿಂದ ಆ ಕೊರತೆ ತುಂಬುವುದಿಲ್ಲ. ಈ ವರ್ಷ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹೋದ ವಾರ ಸಂಜೆ ಆರೂವರೆಯಾದರೂ ಕಣ್ಣುಜ್ಜಿಕೊಳ್ಳುತ್ತ ಅರ್ಜಿಗಳ ಕಟ್ಟು ತಿರುವುತ್ತಿದ್ದಳು. “ಇನ್ನು ಹದಿನೆಂಟು ಅದಾವ್ರಿ ಅಕ್ಕಾರ,” ಎಂದಳು. ನಾನು ಕಟ್ಟನ್ನು ತೆಗೆದುಕೊಂಡು, ಅವಳು ನೋಡಿ ಮುಗಿಸಿದ್ದ ಜಾಗದಲ್ಲಿ ಒಂದು ಚೀಟಿ ಇಟ್ಟು, ಕಪಾಟಿನಲ್ಲಿರಿಸಿ ಬೀಗ ಹಾಕಿದೆ. ಮರುದಿನ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಕೂಡಿ ಕುಳಿತು, ಬಸ್ಸುಗಳು ಬರುವಷ್ಟರಲ್ಲಿ ಹದಿನೆಂಟನ್ನೂ ತಾಳೆ ನೋಡಿದೆವು.