ಬಲೆಯ ಮುಂದೆ ಈಜುವ ಮೀನು

ದೋಣಿಯ ಹಿಂದೆ ಕಟ್ಟಿ ಎಳೆಯುವ ಟ್ರಾಲ್ ಬಲೆಯೆಂದರೆ ಮೀನನ್ನು ಬೆನ್ನಟ್ಟಿ ಬಾಚಿಕೊಳ್ಳುವ ಸಾಧನವೆಂದೇ ನಾನು ಬಹುಕಾಲ ತಿಳಿದಿದ್ದೆ. ಬಲೆಯ ಬಾಯಿಯ ಬಳಿ ಕ್ಯಾಮೆರಾ ಕಟ್ಟಿ ತೆಗೆದ ವಿಡಿಯೊವೊಂದನ್ನು ನೋಡಿದ ಮೇಲೆ ಆ ತಿಳಿವಳಿಕೆ ತಲೆಕೆಳಗಾಯಿತು. ಅಲ್ಲಿ ಮೀನುಗಳು ದಿಕ್ಕಾಪಾಲಾಗಿ ಓಡುತ್ತಿರಲಿಲ್ಲ. ಬಲೆ ಎತ್ತ ಸಾಗುತ್ತಿತ್ತೋ ಅತ್ತಲೇ ಮುಖಮಾಡಿ, ಅದರ ವೇಗಕ್ಕೆ ತಮ್ಮ ವೇಗವನ್ನು ಹೊಂದಿಸಿಕೊಂಡು ಈಜುತ್ತಿದ್ದವು. ಅಂಚಿನಲ್ಲಿದ್ದ ಒಂದು ಮೀನು ಎರಡು ಬಾರಿ ಹಿಂದೆ ಬಿದ್ದು, ಬಾಲವನ್ನು ಬಿರುಸಾಗಿ ಬಡಿದು ಮತ್ತೆ ಮುಂದೆ ಬಂತು. ಮೂರನೆಯ ಸಲ ಅದು ಪ್ರಯತ್ನಿಸಲಿಲ್ಲ. ಹಿಂದಕ್ಕೆ ತಿರುಗಿ ತಾನಾಗಿಯೇ ಬಲೆಯೊಳಗೆ ಹೋಯಿತು.

ಮೀನು ಬಲೆಯ ಬಾಯಿಯವರೆಗೆ ಬರುವುದೇ ಒಂದು ಕಥೆ. ಬಲೆಯನ್ನು ಅಗಲಿಸಿ ಹಿಡಿಯುವ ಎರಡು ಹಲಗೆಗಳು ತಳದ ಮರಳನ್ನು ಮೋಡದಂತೆ ಎಬ್ಬಿಸುತ್ತವೆ. ಆ ಮೋಡದಿಂದಲೂ ಓರೆಯಾಗಿ ಸರಿದುಬರುವ ಹಗ್ಗಗಳಿಂದಲೂ ದೂರ ಸರಿಯುತ್ತ ಸರಿಯುತ್ತ ಮೀನು ನಡುವಿಗೆ ಬಂದು ಸೇರುತ್ತದೆ. ಇದೆಲ್ಲವೂ ಬಹುಮಟ್ಟಿಗೆ ಕಣ್ಣಿನ ಆಟ. ಗಾಜಿನ ಬೋಗುಣಿಯ ಸುತ್ತ ಕಪ್ಪು ಬಿಳುಪು ಪಟ್ಟೆಗಳ ಕಾಗದವನ್ನು ನಿಧಾನವಾಗಿ ತಿರುಗಿಸಿದರೆ ಒಳಗಿನ ಮೀನು ಪಟ್ಟೆಗಳ ಜೊತೆಗೇ ಸುತ್ತುತ್ತದೆ. ನಾನೇ ಮಾಡಿ ನೋಡಿದ್ದೇನೆ. ಕಣ್ಣೆದುರಿನ ದೃಶ್ಯ ಜಾರಿಹೋಗದಂತೆ ನೋಡಿಕೊಳ್ಳುವ ಈ ಹುಟ್ಟುಗುಣವೇ ಅದನ್ನು ಬಲೆಯ ಮುಂದೆ ಹಿಡಿದಿಡುತ್ತದೆ. ಬೆಳಕು ತೀರಾ ಕಡಿಮೆಯಾದಾಗ ಈ ಶಿಸ್ತು ಉಳಿಯುವುದಿಲ್ಲ.

ಇನ್ನು ದಣಿವಿನ ವಿಚಾರ. ಮೀನಿನ ಮೈಪಕ್ಕದಲ್ಲಿ, ಚರ್ಮದ ಅಡಿಯಲ್ಲಿ ತೆಳುವಾಗಿ ಹರಡಿರುವ ಕೆಂಪು ಸ್ನಾಯು ಹೊತ್ತುಗಟ್ಟಲೆ ನಿಧಾನವಾಗಿ ಈಜಲು ನೆರವಾಗುತ್ತದೆ. ಉಳಿದ ದೊಡ್ಡ ಪಾಲಾದ ಬಿಳಿ ಸ್ನಾಯು ಜೋರಾಗಿ ಚಿಮ್ಮುವುದಕ್ಕೆ. ಬಿಳಿ ಸ್ನಾಯುವಿನ ಶಕ್ತಿಯ ದಾಸ್ತಾನು ಬೇಗ ಬರಿದಾಗುತ್ತದೆ, ಮತ್ತೆ ತುಂಬಿಕೊಳ್ಳಲು ಗಂಟೆಗಳೇ ಬೇಕು. ಆ ಸ್ನಾಯು ಎಷ್ಟು ಬೇಗ ಸಂಕುಚಿಸಬಲ್ಲದೋ ಅದೇ ಮೀನಿನ ವೇಗದ ಮಿತಿಯೆಂದು ವಾರ್ಡಲ್ ಎಂಬ ವಿಜ್ಞಾನಿ 1975ರಲ್ಲಿ ತೋರಿಸಿದರು. ಬಾಲದ ಒಂದು ಪೂರ್ಣ ಬಡಿತಕ್ಕೆ ಮೀನು ತನ್ನ ಉದ್ದದ ಸುಮಾರು 0.7 ಪಾಲು ಮುಂದೆ ಸಾಗುತ್ತದೆ ಎಂದಿಟ್ಟುಕೊಳ್ಳೋಣ. 3.5 ನಾಟ್, ಅಂದರೆ ಸೆಕೆಂಡಿಗೆ 1.8 ಮೀಟರ್ ವೇಗದ ಬಲೆಯ ಮುಂದೆ ಉಳಿಯಲು 30 ಸೆಂಟಿಮೀಟರಿನ ಮೀನು ಸೆಕೆಂಡಿಗೆ ಎಂಟಕ್ಕೂ ಹೆಚ್ಚು ಸಲ ಬಾಲ ಬಡಿಯಬೇಕು. 60 ಸೆಂಟಿಮೀಟರಿನದಕ್ಕೆ ನಾಲ್ಕು ಚಿಲ್ಲರೆ ಸಾಕು. ಹೀಗಾಗಿ ಒಂದೇ ಬಲೆಯ ಎದುರು ಚಿಕ್ಕದು ಮೊದಲು ಸೋಲುತ್ತದೆ. ನೀರು ತಣ್ಣಗಾದಷ್ಟೂ ಸ್ನಾಯು ಮಂದವಾಗುವುದರಿಂದ ಅದೇ ಮೀನು ಚಳಿಗಾಲದಲ್ಲಿ ಇನ್ನೂ ಬೇಗ ಕೈಚೆಲ್ಲುತ್ತದೆ.

ಮೀನಿನ ಕಿವಿರು ಸಿಕ್ಕಿಕೊಳ್ಳುವ ಕಿವಿರು ಬಲೆಯಲ್ಲಿ ಲೆಕ್ಕ ತಿರುಗುಮುರುಗು: ಅಲ್ಲಿ ಬಲೆ ಸುಮ್ಮನೆ ನಿಂತಿರುತ್ತದೆ, ಹೆಚ್ಚು ಅಲೆದಾಡುವ ಮೀನೇ ಹೆಚ್ಚು ಸಿಕ್ಕಿಬೀಳುತ್ತದೆ.

ನನಗೆ ಹೆಚ್ಚು ಕುತೂಹಲವೆನಿಸುವುದು ಬೇಡದ ಮೀನನ್ನು ಹೊರಗೆ ಬಿಡುವ ಉಪಾಯಗಳು. ತಳದಿಂದ ಎದ್ದ ಹ್ಯಾಡಾಕ್ ಎಂಬ ಮೀನು ಮೇಲಕ್ಕೇರುತ್ತದೆ, ಕಾಡ್ ಮೀನು ತಳಕ್ಕೆ ಅಂಟಿಕೊಂಡೇ ಇರುತ್ತದೆ. ಆದ್ದರಿಂದ ಬಲೆಯೊಳಗೆ ಅಡ್ಡಪರದೆಯೊಂದನ್ನು ಹಾಕಿದರೆ ಇವೆರಡನ್ನೂ ಬಹುಮಟ್ಟಿಗೆ ಬೇರ್ಪಡಿಸಬಹುದು. ಬಲೆಯ ವಜ್ರಾಕಾರದ ಕಣ್ಣುಗಳು, ಅಂದರೆ ರಂಧ್ರಗಳು, ಎಳೆತಕ್ಕೆ ಮುಚ್ಚಿಕೊಳ್ಳುತ್ತವೆ, ಚೌಕ ಕಣ್ಣುಗಳು ತೆರೆದೇ ಇರುತ್ತವೆ ಎಂಬ ಕಾರಣಕ್ಕೆ ಬಲೆಯ ಮೇಲ್ಭಾಗದಲ್ಲಿ ಚೌಕ ಕಣ್ಣಿನ ಕಿಟಕಿ ಇಡುವುದೂ ಉಂಟು. ಆದರೆ ಕಿಟಕಿ ತೆರೆದಿದೆಯೆಂದ ಮಾತ್ರಕ್ಕೆ ಮೀನು ಹೊರಟುಬಿಡುವುದಿಲ್ಲ. ಎಷ್ಟೋ ಮೀನುಗಳು ಅದರ ಕೆಳಗೇ ನೆಟ್ಟಗೆ ಈಜುತ್ತ ಬಲೆಯ ತುದಿಯ ಚೀಲದ ಕಡೆಗೆ ಸರಿಯುತ್ತವೆ. ಹೀಗಾಗಿ ಕಿಟಕಿಯ ಹಿಂದೆ ಕಪ್ಪು ಬಟ್ಟೆಯ ಸುರಂಗವೊಂದನ್ನು ಅಳವಡಿಸಿ ನೋಡಿದ ಪ್ರಯೋಗಗಳು ನಡೆದಿವೆ. ಹಿಂದೆ ಕಾಣುವ ಆ ಕತ್ತಲೆಗೆ ಮೀನು ಹಿಂಜರಿಯುತ್ತದೆ, ಅದರ ಮುಂದೆಯೇ ತಡೆದು ನಿಲ್ಲುತ್ತದೆ, ಆಗ ತಲೆಯ ಮೇಲಿನ ಬೆಳಕಿನ ಕಣ್ಣುಗಳತ್ತ ತಿರುಗುತ್ತದೆ.