ಆಲೂಗಡ್ಡೆಯ ಕೊಳೆ, ಅಡಿಕೆಯ ಕೊಳೆ

ರಜೆಗೆಂದು ಶಿರಸಿಯ ಬಳಿಯ ನಮ್ಮೂರಿಗೆ ಬಂದು ಹತ್ತು ದಿನಗಳಾದವು. ಈ ಹತ್ತು ದಿನಗಳಲ್ಲಿ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿ ದಿನಾ ಎಂತ ಮಾಡ್ತೆ, ತಂಗಿ?”

ನೆದರ್‌ಲ್ಯಾಂಡ್ಸ್‌ನ ವಾಗೆನಿಂಗನ್ ಎಂಬ ಊರಿನಲ್ಲಿ ನಾನು ಆಲೂಗಡ್ಡೆಯ ಅಂಗಮಾರಿ ರೋಗದ ಕುರಿತು ಪಿಎಚ್.ಡಿ. ಮಾಡುತ್ತಿದ್ದೇನೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ಬಿದ್ದು, ಮುಂದಿನ ವರ್ಷಗಳಲ್ಲಿ ಲಕ್ಷಾಂತರ ಜನರ ಸಾವಿಗೆ ಕಾರಣವಾದ, ಈ ರೋಗದ ಸೂಕ್ಷ್ಮಜೀವಿ ಫೈಟಾಫ್ತೊರಾ ಇನ್‌ಫೆಸ್ಟಾನ್ಸ್, ನಮ್ಮ ಅಡಿಕೆಗೆ ಕೊಳೆ ತರುವ ಫೈಟಾಫ್ತೊರಾದ ದಾಯಾದಿ. ಇವನ್ನು ಶಿಲೀಂಧ್ರವೆಂದು ಕರೆಯುವುದು ರೂಢಿಯಾದರೂ ಇವು ಕಂದು ಪಾಚಿಗಳ ದೂರದ ನೆಂಟರು.

ಬೆಳಿಗ್ಗೆ ಎಂಟೂವರೆಗೆ ಸೈಕಲ್ ತುಳಿದು ಪ್ರಯೋಗಾಲಯ ಸೇರುವಾಗ, ಇಲ್ಲಿ ಆಯಿ ಮಧ್ಯಾಹ್ನದ ಊಟಕ್ಕೆ ಬಾಳೆ ಹಾಕುತ್ತಿರುತ್ತಾಳೆ. ರೈ ಎಂಬ ಧಾನ್ಯದ ಕಾಳಿನಿಂದ ಮಾಡಿದ ಅಗರ್ ಲೋಳೆಯ ಮೇಲೆ, 18 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎರಡು ವಾರ ಬೆಳೆದ ಈ ಜೀವಿಯ ಬಿಳಿ ಬೂಸ್ಟಿನ ತಟ್ಟೆಗಳನ್ನು ಹೊರತೆಗೆದು, ಅವುಗಳ ಮೇಲೆ ತಣ್ಣೀರು ಸುರಿದು, ಎರಡು ಮೂರು ತಾಸು 4 ಡಿಗ್ರಿಯ ಫ್ರಿಜ್ಜಿನಲ್ಲಿಡುವುದು ಮೊದಲ ಕೆಲಸ. ಕಾಯುವ ಹೊತ್ತಿನಲ್ಲಿ ಹಸಿರುಮನೆಯ ಗಿಡಗಳನ್ನು ನೋಡಿಕೊಂಡು ಬರುತ್ತೇನೆ, ಹಿಂದಿನ ವಾರದ ಅಳತೆಗಳನ್ನು ಬರೆದಿಡುತ್ತೇನೆ. ಆಮೇಲೆ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ನಿಂಬೆಯಾಕಾರದ ಚೀಲದ ತುದಿ ಬಿರಿದು, ಎರಡೆರಡು ಬಾಲಗಳ ಚಲಬೀಜಕಗಳು (ಈಜಬಲ್ಲ ಬೀಜಕಗಳು) ಒಂದರ ಹಿಂದೊಂದು ನುಸುಳಿ, ಗಿರಗಿರನೆ ಸುತ್ತುತ್ತ ನೀರಿಗಿಳಿಯುತ್ತವೆ. ನೂರಾರು ಸಲ ಕಂಡರೂ ಅದನ್ನು ನೋಡುತ್ತ ಮೈಮರೆಯುತ್ತೇನೆ.

ಮಧ್ಯಾಹ್ನವೆಲ್ಲ ಅವನ್ನು ಎಣಿಸಿ, ಕಿತ್ತು ತಂದ ಆಲೂಗಡ್ಡೆ ಎಲೆಗಳ ಅಡಿಮೈಗೆ ಹತ್ತು ಮೈಕ್ರೊಲೀಟರಿನ ಹನಿಗಳನ್ನಿಡುವುದರಲ್ಲಿ ಕಳೆಯುತ್ತದೆ. ಒಮ್ಮೆ ನೀರು ಸಾಕಷ್ಟು ತಣ್ಣಗಿರದೆ ಬೀಜಕಗಳು ಹೊರಬರಲೇ ಇಲ್ಲ. ಎರಡು ವಾರದ ಬೆಳೆ ವ್ಯರ್ಥವಾಯಿತು. ಹನಿಯಿಟ್ಟು ಐದಾರು ದಿನಗಳ ಮೇಲೆ ಕಲೆಗಳನ್ನು ಅಳೆದಾಗಷ್ಟೇ ಯಾವ ತಳಿ ತಡೆದುಕೊಂಡಿತೆಂದು ತಿಳಿಯುತ್ತದೆ.

ಇದನ್ನೆಲ್ಲ ಮೊನ್ನೆ ಅಪ್ಪನಿಗೆ ಹೇಳಿದೆ. ಅಂಗಳದಲ್ಲಿ ಅವನು ಕೊಳೆ ಔಷಧಿ ಕೂಡಿಸುತ್ತಿದ್ದ: ನೂರು ಲೀಟರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. 1885ರ ಸುಮಾರಿಗೆ ಫ್ರಾನ್ಸಿನ ಬೋರ್ಡೊದಲ್ಲಿ ದ್ರಾಕ್ಷಿಗೆಂದು ರೂಢಿಗೆ ಬಂದ ಈ ಮದ್ದನ್ನು ನಮ್ಮ ಕೊಳೆಗೂ ಬಳಸಬಹುದೆಂದು ತೋರಿಸಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. ಅಪ್ಪ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ, ತುಸು ಹೊತ್ತು ಬಿಟ್ಟು ಎತ್ತಿದ. ಅಲಗಿನ ಮೇಲೆ ತಾಮ್ರದ ಕೆಂಪು ಕಂಡಿತು. ಸುಣ್ಣ ಸಾಲದೆಂದು ಇನ್ನೂ ತುಸು ಸುಣ್ಣದ ನೀರು ಸೇರಿಸಿ, ಮತ್ತೆ ಅದ್ದಿ, ಅಲಗು ಬೆಳ್ಳಗೇ ಉಳಿದದ್ದನ್ನು ನನಗೆ ತೋರಿಸಿದ. ನನ್ನ ಪ್ರಯೋಗಾಲಯದಲ್ಲೂ ಇದಕ್ಕಿಂತ ಶ್ರದ್ಧೆಯ ಪರೀಕ್ಷೆಯನ್ನು ನಾನು ಕಂಡಿಲ್ಲ.

ತಣ್ಣೀರಿನ ವಿಷಯ ಕೇಳಿ ಅವನೆಂದ: “ಹಂಗಾರೆ ಆಷಾಢದ ಮಳೆಯೇ ಅವಕ್ಕೆ ಫ್ರಿಜ್ಜು ಹೇಳಾತು.” ಹೌದು, ಅಡಿಕೆಯ ಗೊನೆಯ ಮೇಲೆ ನಿಂತ ತಂಪು ನೀರಿನಲ್ಲೇ ಅವು ಈಜುವುದು, ಅವುಗಳನ್ನು ತಾಮ್ರ ಕೊಲ್ಲುವುದೂ ಅಲ್ಲಿಯೇ.

ನಲವತ್ತು ದಿನ ಕಳೆದು ಕೊನೆಗೌಡರು ಎರಡನೆಯ ಸಲ ಔಷಧಿ ಹೊಡೆಯಲು ಮರ ಹತ್ತುವಾಗ ನಾನು ವಾಗೆನಿಂಗನ್‌ನಲ್ಲಿರುತ್ತೇನೆ. ಈ ವರ್ಷ ಕೊಳೆ ಎಷ್ಟು ಬಿತ್ತೆಂಬುದನ್ನು ಅಪ್ಪ ಫೋನಿನಲ್ಲೇ ಹೇಳಬೇಕು.